ಐವತ್ತು ಗ್ರೇನ್ ನೂಲಿನ ಲೆಕ್ಕ: ಒಂದು ಹತ್ತಿ ಸುಂಕದ ಪ್ರಕರಣ

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಆಫೀಸಿದೆ. ಜಿಎಸ್‌ಟಿ, ಕಸ್ಟಮ್ಸ್ ಲೆಕ್ಕ ನೋಡುವುದು ಕೆಲಸ. ಹೊಸದಾಗಿ ಸೇರುವ ಹುಡುಗ ಹುಡುಗಿಯರ ಕೈಗೆ ಮೊದಲ ವಾರ ಈಗಿನ ಫೈಲು ಕೊಡುವುದಿಲ್ಲ. 130 ವರ್ಷ ಹಳೆಯ ಒಂದು ಪ್ರಕರಣ ಹೇಳುತ್ತೇನೆ. ಖಜಾನೆಗೆ ದುಡ್ಡು ಬೇಕೆಂದು ಆಗಿನ ಬ್ರಿಟಿಷ್ ಇಂಡಿಯಾ ಸರ್ಕಾರ ಆಮದು ಬಟ್ಟೆಗೆ ಸುಂಕ ಹಾಕಿತು. ಆ ಬಟ್ಟೆ ಕಳಿಸುವವರು ಬೇಜಾರಾದರು. ಅವರನ್ನು ಸಮಾಧಾನ ಮಾಡಲು ಊರಲ್ಲೇ ತಯಾರಾಗುವ ಬಟ್ಟೆಗೂ ಅಷ್ಟೇ ಸುಂಕ ಹಾಕಿತು. ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಆ ಸುಂಕ 30 ವರ್ಷ ಉಳಿಯಿತು ಅಂದರೆ ನಂಬುವುದಿಲ್ಲ.

ಇದರಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಹೆಸರು ಹೇಳಿದ ತಕ್ಷಣ ಒಳ್ಳೆಯವನು ಯಾರು, ಕೆಟ್ಟವನು ಯಾರು ಅಂತ ಹುಡುಕಾಟ ಶುರುವಾಗುತ್ತದೆ. ನಾವು ನೋಡಬೇಕಾದದ್ದು ಯಾವ ಕುರ್ಚಿಯಲ್ಲಿ ಕೂತವರು ಯಾವ ದಿನ ಏನು ತೀರ್ಮಾನ ಮಾಡಿದರು ಅನ್ನುವುದನ್ನು. ಕುರ್ಚಿಗಳು ನಾಲ್ಕು. ಕಲ್ಕತ್ತಾದಲ್ಲಿ ಖಜಾನೆ ನೋಡುವ ಹಣಕಾಸು ಸದಸ್ಯ. ಲಂಡನ್ನಿನಲ್ಲಿ ಅವನಿಗೆ ಆಜ್ಞೆ ಕಳಿಸುವ ಮಂತ್ರಿ. ಇಲ್ಲಿಗೆ ಬಟ್ಟೆ ಕಳಿಸುವ, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವರ್ತಕರ ಸಂಘ. ಬಾಂಬೆಯ ಗಿರಣಿ ಮಾಲೀಕ. ಬಟ್ಟೆ ಕೊಂಡು ಉಡುವವನಿಗೆ ಕುರ್ಚಿ ಇರಲಿಲ್ಲ. ಅವನು ಬಾಗಿಲ ಹೊರಗೆ ನಿಂತಿದ್ದ.

ಹಿನ್ನೆಲೆ

1857ರ ದಂಗೆ ಅಡಗಿಸಲು ಸರ್ಕಾರ ಸಿಕ್ಕಾಪಟ್ಟೆ ಸಾಲ ಮಾಡಿತ್ತು. ಸಾಲ ತೀರಿಸಲು 1860ರ ಹೊತ್ತಿಗೆ ಆಮದು ಸುಂಕವನ್ನು ಶೇ. 10ಕ್ಕೆ ಏರಿಸಿದರು. ಮ್ಯಾಂಚೆಸ್ಟರ್ ಸುತ್ತಿನ ಹತ್ತಿ ಗಿರಣಿಗಳ ಸೀಮೆ ಲ್ಯಾಂಕಾಶೈರ್ ಕಡೆಯಿಂದ ಕೂಗು ಬಂತು. 1862ರಲ್ಲಿ ಬಟ್ಟೆಯ ಮೇಲೆ ಶೇ. 5, ನೂಲಿನ ಮೇಲೆ ಶೇ. 3.5 ಅಂತ ಇಳಿಸಿದರು. ಇದು ಯಾರನ್ನೂ ರಕ್ಷಿಸಲು ಹಾಕಿದ ಸುಂಕವಲ್ಲ, ಸುಮ್ನೆ ದುಡ್ಡಿಗಾಗಿ ಹಾಕಿದ್ದು. ಬಾಂಬೆಯ ಮೊದಲ ಹತ್ತಿ ಗಿರಣಿ ಓಡಲು ಶುರುವಾದದ್ದೇ 1856ರಲ್ಲಿ. ರಕ್ಷಣೆ ಕೊಡೋಣ ಅಂದರೂ ಅಲ್ಲಿ ಮಗು ಇನ್ನೂ ತೊಟ್ಟಿಲಲ್ಲಿತ್ತು.

ಮಗು ಬೆಳೆಯಿತು. ಗಿರಣಿಗಳು ಹೆಚ್ಚಿದವು. 1874ರಲ್ಲಿ ಮ್ಯಾಂಚೆಸ್ಟರಿನ ವರ್ತಕರು ಅರ್ಜಿ ಹಾಕಿದರು: ಈ ಶೇ. 5 ಸುಂಕ ಬಾಂಬೆ ಗಿರಣಿಗಳಿಗೆ ಗೋಡೆ ಕಟ್ಟಿಕೊಟ್ಟ ಹಾಗಾಗಿದೆ, ತೆಗೆಯಿರಿ. 1877ರ ಜುಲೈನಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆ, ಹಣಕಾಸಿನ ಸ್ಥಿತಿ ನೋಡಿಕೊಂಡು ಆದಷ್ಟು ಬೇಗ ಈ ಸುಂಕ ತೆಗೆಯಬೇಕು ಅಂತ ಗೊತ್ತುವಳಿ ಮಾಡಿತು.

ಆ ವರ್ಷ ಇಲ್ಲಿ ಹಣಕಾಸಿನ ಸ್ಥಿತಿ ಹೇಗಿತ್ತು ಗೊತ್ತಾ? ನಮ್ಮ ಕಡೆ ಹಿರಿಯರು ಧಾತು ಈಶ್ವರದ ಬರ ಅನ್ನುತ್ತಾರಲ್ಲ, 1876ರಿಂದ 78ರವರೆಗಿನದು, ಅದು ನಡೆಯುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಅಫ್ಘಾನ್ ಯುದ್ಧ. ಆದರೂ 1879ರಲ್ಲಿ ವೈಸರಾಯ್ ತನ್ನ ಕೌನ್ಸಿಲ್ಲಿನ ಬಹುಮತವನ್ನೇ ಬದಿಗೊತ್ತಿ ದಪ್ಪ ಬಟ್ಟೆಯ ಸುಂಕ ತೆಗೆದ. 1882ರಲ್ಲಿ ಉಪ್ಪು, ಮದ್ಯದಂಥ ಒಂದೆರಡು ಬಾಬತ್ತು ಬಿಟ್ಟು ಉಳಿದೆಲ್ಲ ಆಮದು ಸುಂಕವೂ ಹೋಯಿತು.

ಖಜಾನೆ ಖಾಲಿ ಬಿಡಲು ಆಗುವುದಿಲ್ಲವಲ್ಲ. 1886ರಲ್ಲಿ ಆದಾಯ ತೆರಿಗೆ ಬಂತು. 1888ರಲ್ಲಿ ಉಪ್ಪಿನ ಸುಂಕ ಮಣಕ್ಕೆ 2 ರೂಪಾಯಿಯಿಂದ ಎರಡೂವರೆಗೆ ಏರಿತು. ಒಂದು ಮಣಕ್ಕೆ 40 ಸೇರು, ಎರಡೂವರೆ ರೂಪಾಯಿಗೆ 40 ಆಣೆ. ಅಂದರೆ ಸರಿಯಾಗಿ ಸೇರಿಗೆ ಒಂದಾಣೆ. ಸಾಣಿಕಟ್ಟಾದ ಗದ್ದೆಯಲ್ಲಿ ಬಿಸಿಲಿಗೆ ತಾನಾಗೇ ಹರಳುಗಟ್ಟುವ ಉಪ್ಪಿಗೆ ಸೇರಿಗೊಂದಾಣೆ ಸುಂಕ. ಈ ಅಂಕಿ ನೆನಪಿಟ್ಟುಕೊಳ್ಳಿ ಅಂತ ಹುಡುಗರಿಗೆ ಹೇಳುತ್ತೇನೆ. ಬಟ್ಟೆಯಿಂದ ಬಿಟ್ಟದ್ದನ್ನು ಎಲ್ಲಿಂದ ತುಂಬಿಕೊಂಡರು ಅನ್ನುವುದಕ್ಕೆ ಇದೇ ಗುರುತು.

ಸಮಸ್ಯೆ: ರೂಪಾಯಿ ಜಾರಿದಾಗ

ಇಂಡಿಯಾ ಸರ್ಕಾರಕ್ಕೆ ಲಂಡನ್ನಿನಲ್ಲಿ ದೊಡ್ಡ ಖರ್ಚಿತ್ತು. ಸಾಲದ ಬಡ್ಡಿ, ಪಿಂಚಣಿ, ರೈಲ್ವೆ ಕಂಪನಿಗಳಿಗೆ ಕೊಟ್ಟ ಮಾತಿನ ಹಣ, ಎಲ್ಲವನ್ನೂ ಪೌಂಡಿನಲ್ಲೇ ಕೊಡಬೇಕು. ಆದಾಯ ಮಾತ್ರ ಬೆಳ್ಳಿ ರೂಪಾಯಿಯಲ್ಲಿ. 1870ರ ದಶಕದ ಆರಂಭದಲ್ಲಿ ಒಂದು ರೂಪಾಯಿಗೆ ಸುಮಾರು 2 ಶಿಲಿಂಗ್ ಸಿಗುತ್ತಿತ್ತು (12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್). ಒಂದು ಪೌಂಡ್ ಕೊಡಲು 10 ರೂಪಾಯಿ ಸಾಕು. ಬೆಳ್ಳಿ ಬೆಲೆ ಬೀಳುತ್ತಾ ಬಂತು. 1893ರ ಜೂನ್‌ನಲ್ಲಿ ಟಂಕಸಾಲೆಗಳ ಬಾಗಿಲನ್ನು ಜನರ ಬೆಳ್ಳಿಗೆ ಮುಚ್ಚಿದರು, ಅಂದರೆ ಬೆಳ್ಳಿ ಕೊಟ್ಟು ರೂಪಾಯಿ ಮಾಡಿಸಿಕೊಳ್ಳುವುದು ನಿಂತಿತು. ಆದರೂ ಬೀಳುವುದು ತಕ್ಷಣ ನಿಲ್ಲಲಿಲ್ಲ. ರೂಪಾಯಿ 14 ಪೆನ್ನಿಗೆ ಬಂದು, ಅಲ್ಲಿಂದಲೂ ಕೆಳಗೆ ಹೋಯಿತು. 14 ಪೆನ್ನಿಯ ಲೆಕ್ಕದಲ್ಲಿ ಅದೇ ಒಂದು ಪೌಂಡಿಗೆ 17 ರೂಪಾಯಿಗೂ ಜಾಸ್ತಿ ಬೇಕು.

ಖಜಾನೆ ಕುರ್ಚಿಯವನು ಏನು ಮಾಡಬೇಕು? ಉಪ್ಪು ಆಗಲೇ ಎರಡೂವರೆಗೆ ಏರಿದೆ. ನಮ್ಮ ಕಡೆ ಭೂಕಂದಾಯದ ದರ 30 ವರ್ಷಕ್ಕೊಮ್ಮೆ ಗೊತ್ತುಮಾಡಿದ್ದು, ಮಧ್ಯೆ ಮುಟ್ಟುವ ಹಾಗಿಲ್ಲ. ಪ್ರಾಂತ್ಯಗಳ ಕಡೆ ಕೈ ಚಾಚಬಹುದು. ಅದನ್ನೂ ಮಾಡಿದರು.

ಆ ಪ್ರಾಂತ್ಯದ ಲೆಕ್ಕವನ್ನು ಇಲ್ಲೇ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ, ಕೊನೆಯಲ್ಲಿ ಬೇಕಾಗುತ್ತದೆ. 1870ರಿಂದ ಪೊಲೀಸ್, ಜೈಲು, ಶಾಲೆ, ರಸ್ತೆ ಇವೆಲ್ಲ ಪ್ರಾಂತ್ಯಗಳ ಪಾಲು. 1882ರಿಂದ ಅಬಕಾರಿ, ಸ್ಟಾಂಪು, ಕಾಡಿನಂಥ ಬಾಬತ್ತುಗಳನ್ನು ಕೇಂದ್ರ ಮತ್ತು ಪ್ರಾಂತ್ಯ ಹಂಚಿಕೊಳ್ಳುತ್ತಿದ್ದವು. ಐದು ವರ್ಷಕ್ಕೊಮ್ಮೆ ಒಪ್ಪಂದ. ಬಂದರಿನ ಸುಂಕ ಮಾತ್ರ ಪೂರ್ತಿ ಕೇಂದ್ರದ್ದು. ಬಾಂಬೆ ಬಂದರಿನಲ್ಲಿ ಹಡಗಿನಿಂದ ಇಳಿಯುವ ಪ್ರತಿ ಮೂಟೆಯ ಸುಂಕ ಕಲ್ಕತ್ತಾಕ್ಕೆ. ಧಾರವಾಡದ ಶಾಲೆಯ ಮಾಡು ಸೋರಿದರೆ ದುರಸ್ತಿ ಬಾಂಬೆ ಪ್ರಾಂತ್ಯದ ತಲೆನೋವು. ಇಕ್ಕಟ್ಟಿನ ವರ್ಷದಲ್ಲಿ ಪ್ರಾಂತ್ಯ ಕಷ್ಟಪಟ್ಟು ಉಳಿಸಿದ್ದರಲ್ಲೂ ಕೇಂದ್ರ ಒಂದಿಷ್ಟು ಕಿತ್ತುಕೊಳ್ಳುತ್ತಿತ್ತು. ಹಾಗಾಗಿ ಉಳಿಸುವುದೇ ದಡ್ಡತನ ಅಂತ ಪ್ರಾಂತ್ಯದವರಿಗೆ ಅನ್ನಿಸಿದ್ದರೆ ತಪ್ಪೇನಿಲ್ಲ.

ಉಳಿದದ್ದು ಆಮದು ಸುಂಕ. 12 ವರ್ಷ ಹಿಂದೆ ಕಿತ್ತು ಹಾಕಿದ್ದನ್ನು ಮತ್ತೆ ನೆಡಬೇಕು.

ಮೊದಲ ಪ್ರಯತ್ನ: ದೊಡ್ಡ ಮೀನು ಬಿಟ್ಟು ಬಲೆ

1894ರ ಮಾರ್ಚ್‌ನಲ್ಲಿ ಸುಂಕದ ಕಾಯಿದೆ ಬಂತು. ಹೆಚ್ಚುಕಡಿಮೆ ಎಲ್ಲ ಆಮದಿನ ಮೇಲೂ ಶೇ. 5. ಆದರೆ ಪಟ್ಟಿಯಲ್ಲಿ ಹತ್ತಿ ಬಟ್ಟೆ, ಹತ್ತಿ ನೂಲು ಇಲ್ಲ. ಆಮದಿನಲ್ಲಿ ಅತಿ ದೊಡ್ಡ ಬಾಬತ್ತೇ ಅದು. ಅದನ್ನೇ ಬಿಡಿ ಅಂತ ಲಂಡನ್ನಿನ ಆಜ್ಞೆ.

ಇದು ಯಾರಿಗೂ ಒಪ್ಪಿಗೆಯಾಗಲಿಲ್ಲ. ಬಾಂಬೆಯ ಗಿರಣಿಯವರು ಬಿಡಿ, ಇಲ್ಲಿದ್ದ ಬ್ರಿಟಿಷ್ ವ್ಯಾಪಾರಿಗಳೂ ಆಕ್ಷೇಪ ಎತ್ತಿದರು. ಕೊರತೆ ತುಂಬಲು ಸುಂಕ ಹಾಕುತ್ತೇವೆ ಅಂದು, ದುಡ್ಡು ಬರುವ ಬಾಬತ್ತನ್ನೇ ಕೈಬಿಟ್ಟರೆ ಅದಕ್ಕೆ ಏನನ್ನಬೇಕು? ಕೊರತೆ ಹಾಗೇ ಉಳಿಯಿತು. ಒಂಬತ್ತು ತಿಂಗಳಲ್ಲಿ ಮತ್ತೆ ಕೂರಬೇಕಾಯಿತು.

ಈ ಹಂತದಲ್ಲೇ ಹುಡುಗರನ್ನು ಒಂದು ಪ್ರಶ್ನೆ ಕೇಳುತ್ತೇನೆ. ಖಜಾನೆಗೆ ಹತ್ತಿ ಸುಂಕ ಬೇಕೇ ಬೇಕು. ಲಂಡನ್ನಿಗೆ ಮ್ಯಾಂಚೆಸ್ಟರಿನ ವೋಟು ಬೇಕೇ ಬೇಕು. ನೀವಿದ್ದರೆ ಏನು ಮಾಡುತ್ತಿದ್ದಿರಿ? ಹೆಚ್ಚಿನವರು ಹೇಳುವುದು, ದರ ಇಳಿಸಿ ಶೇ. 2 ಹಾಕುತ್ತಿದ್ದೆ ಅಂತ. ಇಲ್ಲಿನ ಗಿರಣಿಗೂ ಸುಂಕ ಹಾಕುತ್ತಿದ್ದೆ ಅಂತ ಇವತ್ತಿನವರೆಗೆ ಒಬ್ಬರೂ ಹೇಳಿಲ್ಲ.

ಎರಡನೇ ಪ್ರಯತ್ನ: ಇಪ್ಪತ್ತು ನಂಬರಿನ ಗೆರೆ

1894ರ ಡಿಸೆಂಬರ್‌ನಲ್ಲಿ ಎರಡು ಕಾಯಿದೆ ಒಟ್ಟಿಗೆ ಬಂದವು. ಒಂದರಲ್ಲಿ ಆಮದು ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ಶೇ. 5 ಸುಂಕ. ಇನ್ನೊಂದರಲ್ಲಿ ಇಲ್ಲಿನ ಗಿರಣಿಗಳು ನೂಲುವ, 20 ನಂಬರಿಗಿಂತ ಸಣ್ಣ ನೂಲಿನ ಮೇಲೆ ಶೇ. 5 ಉತ್ಪಾದನಾ ಸುಂಕ. ಇದನ್ನು ಅದರ ಒಳ್ಳೆಯತನಕ್ಕಾಗಿ ತರುತ್ತಿಲ್ಲ ಅನ್ನುವುದನ್ನು ಹಣಕಾಸು ಸದಸ್ಯ ಕೌನ್ಸಿಲ್ಲಿನಲ್ಲಿ ಮುಚ್ಚಿಡಲೂ ಇಲ್ಲ. ಆಮದು ಸುಂಕಕ್ಕೆ ಲಂಡನ್ ಒಪ್ಪಬೇಕಾದರೆ ಕೊಡಬೇಕಾದ ಬೆಲೆ ಇದು.

ನಮ್ಮ ಕಸುಬಿನವರಿಗೆ ಇಲ್ಲೊಂದು ತಮಾಷೆ ಕಾಣುತ್ತದೆ. ಊರಿನ ಸರಕಿಗೆ ಒಳಗೆ ತೆರಿಗೆ ಇದ್ದರೆ, ಹೊರಗಿನ ಸರಕಿಗೂ ಅಷ್ಟೇ ಸೇರಿಸಿ ಎರಡನ್ನೂ ಸಮ ಮಾಡುವುದನ್ನು ನಾವು ದಿನಾ ನೋಡುತ್ತೇವೆ. ಆಮದಿನ ಮೇಲೆ ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ) ಕಟ್ಟಿಸುವುದು ಅದೇ ಲೆಕ್ಕ. ಇಲ್ಲಿ ಆದದ್ದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಹೊರಗಿನ ಸರಕಿಗೆ ಸರಿದೂಗಿಸಲು ಒಳಗಿನದಕ್ಕೆ ತೆರಿಗೆ.

20 ನಂಬರ್ ಅಂದರೆ ಏನು ಅಂತ ಹತ್ತಿರದಿಂದ ನೋಡೋಣ. 840 ಗಜ ನೂಲಿಗೆ ಒಂದು ಲಡಿ. ಒಂದು ಪೌಂಡ್ ತೂಕಕ್ಕೆ ಎಷ್ಟು ಲಡಿ ಬರುತ್ತವೋ ಅದೇ ನೂಲಿನ ನಂಬರು. 20 ಲಡಿ ಬಂದರೆ 20 ನಂಬರ್, 40 ಬಂದರೆ 40. ನಂಬರ್ ಏರಿದಷ್ಟೂ ನೂಲು ಸಣ್ಣ. ಪರೀಕ್ಷೆ ಮಾಡುವವನು ಪೂರ್ತಿ ಪೌಂಡ್ ಬಿಚ್ಚುತ್ತಾ ಕೂರುವುದಿಲ್ಲ. ರಾಟೆಯಂಥ ಒಂದು ಚಕ್ರಕ್ಕೆ 120 ಗಜ ಸುತ್ತುತ್ತಾನೆ, ತಕ್ಕಡಿಗೆ ಹಾಕುತ್ತಾನೆ. ಒಂದು ಪೌಂಡಿಗೆ 7,000 ಗ್ರೇನ್. 120 ಗಜ ಅಂದರೆ ಲಡಿಯ ಏಳನೇ ಒಂದು ಪಾಲು. ಹಾಗಾಗಿ ಸಾವಿರವನ್ನು ಆ ತೂಕದಿಂದ ಭಾಗಿಸಿದರೆ ನಂಬರ್ ಬರುತ್ತದೆ. 50 ಗ್ರೇನ್ ತೂಗಿದರೆ 20 ನಂಬರ್, ಸುಂಕ ಇಲ್ಲ. 47.6 ಗ್ರೇನ್ ತೂಗಿದರೆ 21 ನಂಬರ್, ಶೇ. 5 ಸುಂಕ. ವ್ಯತ್ಯಾಸ 2.4 ಗ್ರೇನ್. ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಒಂದು ಗುಲಗಂಜಿಗಿಂತ ಒಂಚೂರು ಜಾಸ್ತಿ, ಅಷ್ಟೇ.

ಮಳೆಗಾಲದಲ್ಲಿ ಹತ್ತಿ ನೂಲು ತೇವ ಎಳೆದುಕೊಳ್ಳುತ್ತದೆ, ಅದರಿಂದಲೇ ಅಷ್ಟು ತೂಕ ಆಚೀಚೆ ಆಗಬಹುದು. ಕಾನೂನು ಗೆರೆ ಎಳೆಯುವಾಗ ಸರಕು ಗುಂಪಾಗಿ ನಿಂತ ಜಾಗದಲ್ಲಿ ಎಳೆಯಬಾರದು ಅಂತ ನಾನು ಹೇಳುವುದು ಇದಕ್ಕೇ. ಆಗ ಇಲ್ಲಿನ ಗಿರಣಿಗಳು ಹೆಚ್ಚಾಗಿ ನೂಲುತ್ತಿದ್ದದ್ದು 20 ನಂಬರ್ ಮತ್ತು ಅದಕ್ಕಿಂತ ದಪ್ಪ ನೂಲು. ನಮ್ಮ ಹತ್ತಿಯ ಎಳೆ ಗಿಡ್ಡ, ಸಣ್ಣ ನೂಲಿಗೆ ಒಗ್ಗುವುದಿಲ್ಲ. 1840ರ ದಶಕದಲ್ಲಿ ಧಾರವಾಡದ ಕಲೆಕ್ಟರ್ ಕಚೇರಿಯವರು ಅಮೆರಿಕದ ತಳಿ ತಂದು ಈ ಭಾಗದಲ್ಲಿ ಬೆಳೆಸಲು ಒದ್ದಾಡಿದ್ದೂ ಲ್ಯಾಂಕಾಶೈರಿಗೆ ಬೇಕಾದ ಎಳೆ ಸಿಗಲಿ ಅಂತಲೇ. ಇಲ್ಲಿನ ಹತ್ತಿ ಕುಮಟಾ ಬಂದರಿನಿಂದ ಹೋಗುತ್ತಿತ್ತು. ಅದಕ್ಕೇ ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ ಅಂತ ಆಯಿತು. ಬೆಳೆದವನ ಊರಿನ ಹೆಸರು ಇಲ್ಲ, ಹಡಗು ಹತ್ತಿಸಿದ ಊರಿನ ಹೆಸರು.

ಇರಲಿ. 20ರ ಗೆರೆಯ ಮೇಲೆ ಇಲ್ಲಿನವರ ಸರಕು ಕಡಿಮೆ, ಅಲ್ಲಿನವರದ್ದು ಜಾಸ್ತಿ. ಆದ್ದರಿಂದ ಗಿರಣಿ ಮಾಲೀಕರಿಗೆ ಸಿಟ್ಟು ಬಂದರೂ ಪೆಟ್ಟು ಸಣ್ಣದೇ. ದಪ್ಪ ಬಟ್ಟೆ ಉಡುವವನಿಗೆ ಪೆಟ್ಟೇ ಇಲ್ಲ. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಒಪ್ಪಬಹುದಾದ ರಾಜಿ ಅಂತ ಇದ್ದರೆ ಇದೊಂದೇ. ಖಜಾನೆಗೆ ದುಡ್ಡು ಬಂತು. ನಿಜವಾಗಿ ಪೈಪೋಟಿ ಇರುವ ಜಾಗದಲ್ಲಿ ಹೆಚ್ಚುಕಡಿಮೆ ಸಮ ಆಯಿತು. ಇಲ್ಲಿಗೇ ನಿಲ್ಲಿಸಿದ್ದರೆ ಈ ಪ್ರಕರಣವನ್ನು ಹುಡುಗರಿಗೆ ಹೇಳುವ ಕಾರಣವೇ ಇರುತ್ತಿರಲಿಲ್ಲ.

ತಿರುವು

ಮ್ಯಾಂಚೆಸ್ಟರಿನ ಎರಡನೇ ದೂರು ಪೂರ್ತಿ ಪೊಳ್ಳಲ್ಲ. ಆಮದು ಸುಂಕ ಬಟ್ಟೆಯ ಬೆಲೆಯ ಮೇಲೆ. ಇಲ್ಲಿನ ಸುಂಕ ಬರೀ ನೂಲಿನ ಮೇಲೆ. ಒಂದು ಉದಾಹರಣೆ ಮಾಡಿಕೊಳ್ಳಿ. 5 ರೂಪಾಯಿಯ ಒಂದು ಥಾನು, ಅದರಲ್ಲಿ ನೂಲಿನ ಬೆಲೆ 3 ರೂಪಾಯಿ. ಆಮದಾದರೆ 4 ಆಣೆ ಸುಂಕ, ಇಲ್ಲೇ ಆದರೆ ಎರಡೂವರೆ ಆಣೆಯೂ ಇಲ್ಲ. ನೇಯ್ಗೆಯ ಪಾಲಿಗೆ ಇಲ್ಲಿ ಸುಂಕ ತಪ್ಪಿತು. ಜೊತೆಗೆ ದಪ್ಪ ಬಟ್ಟೆ ಅಗ್ಗವಾದರೆ ನಯ ಬಟ್ಟೆ ಕೊಳ್ಳುವವನೂ ಅದಕ್ಕೇ ಇಳಿದಾನು ಅನ್ನುವುದು ಅವರ ಇನ್ನೊಂದು ಭಯ.

1895ರ ಫೆಬ್ರುವರಿಯಲ್ಲಿ ಇದು ಬ್ರಿಟಿಷ್ ಸಂಸತ್ತಿಗೆ ಬಂತು. ಲಂಡನ್ ಕುರ್ಚಿಯಲ್ಲಿದ್ದ ಮಂತ್ರಿ ಗಟ್ಟಿಯಾಗಿ ನಿಂತ. 304ಕ್ಕೆ 109 ವೋಟಿನಿಂದ ದೂರು ಬಿದ್ದುಹೋಯಿತು. ಖಜಾನೆ ಗೆದ್ದಿತು ಅಂತ ಕಲ್ಕತ್ತಾದಲ್ಲಿ ಉಸಿರು ಬಿಟ್ಟಿರಬೇಕು.

ಐದು ತಿಂಗಳಿಗೆ ಬ್ರಿಟನ್ನಿನಲ್ಲಿ ಚುನಾವಣೆ. ಸರ್ಕಾರ ಬದಲಾಯಿತು. ಲಂಡನ್ ಕುರ್ಚಿಗೆ ಬೇರೆಯವರು ಬಂದರು. ಗೆದ್ದವರಿಗೆ ಲ್ಯಾಂಕಾಶೈರಿನ ಋಣ ಇತ್ತು. ಮುಂದಿನದು ಊಹಿಸುವುದು ಕಷ್ಟವಲ್ಲ.

1896ರ ಫೆಬ್ರುವರಿಯಲ್ಲಿ ಲೆಕ್ಕವನ್ನೇ ತಿರುಗಿಸಿ ಹಾಕಿದರು. ನೂಲಿಗೆ ಸುಂಕವೇ ಬೇಡ, ಆಮದಿನದಾಗಲಿ ಇಲ್ಲಿನದಾಗಲಿ. ಆಮದು ಬಟ್ಟೆಗೆ ಶೇ. 5 ಇದ್ದದ್ದು ಶೇ. 3.5. ಇಲ್ಲಿನ ಗಿರಣಿಯಲ್ಲಿ ನೇಯ್ದ ಎಲ್ಲ ಬಟ್ಟೆಗೂ ಶೇ. 3.5. ದಪ್ಪ, ಸಣ್ಣ ಅಂತ ಭೇದವಿಲ್ಲ. ಗಿರಣಿಯವನು ತಿಂಗಳು ತಿಂಗಳು ಉತ್ಪಾದನೆಯ ಪಟ್ಟಿ ಕೊಡಬೇಕು, ಅದರ ಮೇಲೆ ಸುಂಕ ಕಟ್ಟಬೇಕು.

ಮೂರೂವರೆಗೆ ಮೂರೂವರೆ. ಕಾಗದದ ಮೇಲೆ ಇದಕ್ಕಿಂತ ಸಮ ಇನ್ನೇನಿದೆ? ಅದಕ್ಕೇ ಹುಡುಗರಿಗೆ ಕಾಗದ ಪಕ್ಕಕ್ಕಿಟ್ಟು ಇಬ್ಬರು ಗಿರಾಕಿಗಳನ್ನು ನಿಲ್ಲಿಸಿ ನೋಡಿ ಅನ್ನುತ್ತೇನೆ. ಒಬ್ಬರು ಧಾರವಾಡದ ವಕೀಲರು. ಮ್ಯಾಂಚೆಸ್ಟರಿನ ನಯ ಧೋತರ ಉಡುವವರು. ನೂರು ರೂಪಾಯಿ ಬಟ್ಟೆಗೆ ಅವರ ಸುಂಕ 5 ರೂಪಾಯಿಯಿಂದ ಮೂರೂವರೆಗೆ ಇಳಿಯಿತು. ಇನ್ನೊಬ್ಬ ನವಲಗುಂದದ ಕಡೆಯ ರೈತ. ಇಲ್ಲಿನ ಗಿರಣಿಯ ದಪ್ಪ ಧೋತರ, ಹೊಲದ ಕೆಲಸಕ್ಕೆ. ಅವನದು ಸೊನ್ನೆಯಿಂದ ಮೂರೂವರೆಗೆ ಏರಿತು. ಆ ದಪ್ಪ ಬಟ್ಟೆಗೆ ಲ್ಯಾಂಕಾಶೈರಿನಿಂದ ಪೈಪೋಟಿ ಇರಲೇ ಇಲ್ಲ ಅನ್ನಬಹುದು. ಯಾರ ಜೊತೆಗೂ ಓಡದವನ ಕಾಲಿಗೂ ಕಲ್ಲು ಕಟ್ಟಿದರು.

ಖಜಾನೆಗೆ ಲಾಭವಾಯಿತಾ? ಆಮದಿನಿಂದ ಬರುತ್ತಿದ್ದದ್ದು ಕಡಿಮೆಯಾಯಿತು. ಇಲ್ಲಿನ ಗಿರಣಿಗಳಿಂದ ಬಂದದ್ದು ಅದನ್ನು ತುಂಬುವಷ್ಟಿರಲಿಲ್ಲ. ದುಡ್ಡಿಗಾಗಿ ಶುರುವಾದ ಸುಂಕ ದುಡ್ಡನ್ನು ಬಿಟ್ಟುಕೊಟ್ಟು ಮುಗಿಯಿತು.

ಆದದ್ದೇನು

ಬಾಂಬೆ ಪ್ರಾಂತ್ಯದಲ್ಲಿ ಆ ವರ್ಷವೇ ವಿದೇಶಿ ಬಟ್ಟೆ ಬಹಿಷ್ಕಾರದ ಮಾತು ಎದ್ದಿತು. ಸ್ವದೇಶಿ ಅಂದರೆ ನಮಗೆ 1905ರ ಬಂಗಾಳ ನೆನಪಾಗುತ್ತದೆ. ಪುಣೆ, ಬಾಂಬೆಯಲ್ಲಿ ಅದರ ಕಿಡಿ 1896ರಲ್ಲೇ ಬಿದ್ದಿತ್ತು, ಅದೂ ಒಂದು ಸುಂಕದ ಕಾಯಿದೆಯಿಂದ. ಗಿರಣಿ ಮಾಲೀಕನಿಗೆ ಪ್ರತಿ ತಿಂಗಳ ಪಟ್ಟಿಯೂ ಒಂದು ಅವಮಾನದ ಕಾಗದ. ಮೂರೂವರೆ ರೂಪಾಯಿ ಅವನನ್ನು ಮುಳುಗಿಸುವ ಮೊತ್ತವಲ್ಲ. ಮುಟ್ಟಿದ್ದು ದರವಲ್ಲ, ಕಾರಣ.

ಯಾರೂ ಎಣಿಸದ ಒಂದು ಕಡೆ ಒಂದಿಷ್ಟು ಒಳ್ಳೆಯದೂ ಆಯಿತು. ಕಾಯಿದೆ ಬರೀ ಗಿರಣಿಗೆ, ಕೈಮಗ್ಗಕ್ಕೆ ಇಲ್ಲ. ದಯೆಯ ಮಾತು ಬಿಡಿ, ಲಕ್ಷಗಟ್ಟಲೆ ಮಗ್ಗದ ಮನೆಗಳಿಗೆ ಹೋಗಿ ಸುಂಕ ಎತ್ತುವುದು ಆಗುವ ಕೆಲಸವಲ್ಲ. ಇಳಕಲ್, ಗುಳೇದಗುಡ್ಡದ ನೇಕಾರನಿಗೆ ಗಿರಣಿ ನೂಲು ಸುಂಕವಿಲ್ಲದೆ ಸಿಕ್ಕಿತು. ಅವನ ಸೀರೆಗೆ ಸುಂಕವಿಲ್ಲ. ಅವನ ಎದುರಾಳಿ ಗಿರಣಿ ಬಟ್ಟೆಗೆ, ಬಾಂಬೆಯದಾಗಲಿ ಮ್ಯಾಂಚೆಸ್ಟರಿನದಾಗಲಿ, ಮೂರೂವರೆ. ಅವನು ಯಾರಿಗೂ ಅರ್ಜಿ ಹಾಕಿರಲಿಲ್ಲ.

ಮುಂದಿನ 20 ವರ್ಷ ಏನೂ ಬದಲಾಗಲಿಲ್ಲ. ಅದನ್ನು ಇಲ್ಲಿ ಹೇಳುತ್ತಾ ಕೂರುವುದಿಲ್ಲ.

1917ರಲ್ಲಿ ಗಂಟು ಸಡಿಲವಾಯಿತು. ಮಹಾಯುದ್ಧದ ಖರ್ಚಿಗೆ ಇಂಡಿಯಾ 10 ಕೋಟಿ ಪೌಂಡ್ ಕೊಡಬೇಕು. ಅಷ್ಟು ದುಡ್ಡಿಗೆ ಸುಂಕ ಏರಿಸಲೇಬೇಕು. ಆಮದು ಬಟ್ಟೆಯ ಸುಂಕ ಶೇ. 7.5 ಆಯಿತು, ಇಲ್ಲಿನದು ಶೇ. 3.5ರಲ್ಲೇ ಉಳಿಯಿತು. ಲ್ಯಾಂಕಾಶೈರ್ ಕೂಗಾಡಿತು. ಈ ಸಲ ಲಂಡನ್ ಕಿವಿ ಕೊಡಲಿಲ್ಲ. 40 ವರ್ಷ ತತ್ವದ ಮಾತಾಗಿದ್ದದ್ದು ತೋಪಿಗೆ ಮದ್ದು ಬೇಕಾದಾಗ ಮಾಯವಾಯಿತು. 1921ರಲ್ಲಿ ಆಮದು ಸುಂಕ ಶೇ. 11. ಮರುವರ್ಷ ಸರ್ಕಾರ ಇಲ್ಲಿನ ಸುಂಕವನ್ನೂ ಶೇ. 7.5ಕ್ಕೆ ಏರಿಸಲು ನೋಡಿತು. ಹೊಸ ಶಾಸನ ಸಭೆ ಆಗುವುದಿಲ್ಲ ಅಂದಿತು.

ಹಾಗಾದರೆ ಆಗಲೇ ತೆಗೆದುಬಿಡಬಹುದಿತ್ತಲ್ಲ? ಸರಿದೂಗಿಸುವ ಕಾರಣ ಸತ್ತಿತ್ತು, 11ಕ್ಕೂ ಮೂರೂವರೆಗೂ ಎಲ್ಲಿಯ ಸಮ? ಆದರೆ ಅಷ್ಟರಲ್ಲಿ ಆ ಸುಂಕ ವರ್ಷಕ್ಕೆ ಸುಮಾರು 2 ಕೋಟಿ ರೂಪಾಯಿ ತರುತ್ತಿತ್ತು. ಯಾರದ್ದೋ ಬಾಯಿ ಮುಚ್ಚಿಸಲು ಹಾಕಿದ್ದು ಈಗ ಖಜಾನೆಯ ಅಭ್ಯಾಸವಾಗಿತ್ತು. ನನ್ನ ಪ್ರಕಾರ ಈ ಪ್ರಕರಣದಲ್ಲಿ ಹೆಚ್ಚು ಕಲಿಯಬೇಕಾದ ಜಾಗ 1896 ಅಲ್ಲ, ಇದು.

ಪ್ರಾಂತ್ಯಗಳ ಲೆಕ್ಕ ಅಡ್ಡ ಬರುವುದೂ ಇಲ್ಲೇ. 1919ರ ಆಡಳಿತ ಸುಧಾರಣೆಯ ನಂತರ ಹಂಚಿಕೆಯ ಬಾಬತ್ತುಗಳು ಹೋದವು. ಭೂಕಂದಾಯ, ಅಬಕಾರಿ ಪ್ರಾಂತ್ಯಕ್ಕೆ. ಕಸ್ಟಮ್ಸ್, ಆದಾಯ ತೆರಿಗೆ, ಉಪ್ಪು ಕೇಂದ್ರಕ್ಕೆ. ಕೇಂದ್ರಕ್ಕೆ ಕೊರತೆ ಬಿತ್ತು. ಅದನ್ನು ತುಂಬಲು ಪ್ರಾಂತ್ಯಗಳೇ ವರ್ಷಕ್ಕೆ ಒಟ್ಟು 983 ಲಕ್ಷ ರೂಪಾಯಿ ಕೇಂದ್ರಕ್ಕೆ ಕೊಡಬೇಕೆಂದಾಯಿತು. ಮದ್ರಾಸಿನ ಪಾಲು 348 ಲಕ್ಷ, ಬಾಂಬೆಯದು 56 ಲಕ್ಷ. ಆಗ ಕನ್ನಡದ ಜನ ಎರಡೂ ಕಡೆ ಹಂಚಿಹೋಗಿದ್ದರು ನೋಡಿ. ಮಂಗಳೂರು, ಬಳ್ಳಾರಿ ಮದ್ರಾಸಿನಲ್ಲಿ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಬಾಂಬೆಯಲ್ಲಿ. ಕೇಂದ್ರದ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಬಳ್ಳಾರಿಯವರಿಗೆ ಬೇಕಾದದ್ದು ಮದ್ರಾಸಿನ ಆ ಹೊರೆ ಇಳಿಯುವುದು. ಬಾಂಬೆ, ಹುಬ್ಬಳ್ಳಿಯ ಗಿರಣಿಯವರಿಗೆ ಬೇಕಾದದ್ದು ಹತ್ತಿ ಸುಂಕ ಹೋಗುವುದು. ಒಂದೇ ರೊಟ್ಟಿ, ಎರಡು ಕೈ.

1925ರ ಬಜೆಟ್‌ನಲ್ಲಿ ಕೇಂದ್ರಕ್ಕೆ ಉಳಿತಾಯ ಬಂತು. ಖಜಾನೆ ಕುರ್ಚಿ ರೊಟ್ಟಿಯನ್ನು ಪ್ರಾಂತ್ಯಗಳಿಗೆ ಮುರಿಯಿತು. ಎರಡೂವರೆ ಕೋಟಿ ಕಡಿತ, ಅದರಲ್ಲಿ ದೊಡ್ಡ ತುಂಡು ಮದ್ರಾಸಿಗೆ. ಹತ್ತಿ ಸುಂಕ ಹಾಗೇ ಉಳಿಯಿತು. ತಪ್ಪು ತೀರ್ಮಾನ ಅಂತ ಸುಲಭವಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಶಾಲೆ, ಆಸ್ಪತ್ರೆ ಪ್ರಾಂತ್ಯದ ಮೇಲಿತ್ತು.

ಆದರೆ ಬಾಂಬೆಯಲ್ಲಿ ಗಿರಣಿಗಳು ಆಗಲೇ ಜಪಾನಿನ ಪೈಪೋಟಿಗೆ ಸಿಕ್ಕಿ ಏದುಸಿರು ಬಿಡುತ್ತಿದ್ದವು. ಮಾಲೀಕರು ಕೂಲಿಯಲ್ಲಿ ಶೇ. 11.5 ಕಡಿತ ಅಂದರು. ಸೆಪ್ಟೆಂಬರಿನಲ್ಲಿ ಒಂದೂವರೆ ಲಕ್ಷದಷ್ಟು ಕಾರ್ಮಿಕರು ಹೊರಗೆ ಬಂದರು. ಎರಡು ತಿಂಗಳು ದಾಟಿತು. ಸುಂಕ ತೆಗೆದರೆ ಕೂಲಿ ಕಡಿಯುವುದಿಲ್ಲ ಅಂತ ಮಾಲೀಕರು ಪಟ್ಟು ಹಿಡಿದರು. 30 ವರ್ಷದಲ್ಲಿ ಮೊದಲ ಸಲ ಗಿರಣಿ ಮಾಲೀಕನೂ ಕೂಲಿಯವನೂ ಒಂದೇ ಕಾಗದದ ಕಡೆ ಬೆರಳು ತೋರಿಸಿದರು. 1925ರ ಡಿಸೆಂಬರ್ 1ರಿಂದ ಸುಗ್ರೀವಾಜ್ಞೆಯ ಮೂಲಕ ಸುಂಕ ನಿಂತಿತು. ಹಳೆಯ ಕೂಲಿ ವಾಪಸು ಬಂತು, ಗಿರಣಿಯ ಸೀಟಿ ಮತ್ತೆ ಕೂಗಿತು. 1926ರಲ್ಲಿ ಕಾಯಿದೆಯಿಂದಲೇ ಅದನ್ನು ತೆಗೆದುಹಾಕಿದರು.

ನಮ್ಮ ಆಫೀಸಿನ ಮೇಜಿನ ಮೇಲೆ

ಕಥೆ ಮುಗಿದ ಮೇಲೆ ಹುಡುಗರಿಗೆ ಒಂದು ಕೆಲಸ ಕೊಡುತ್ತೇನೆ. 1896ರ ಫೆಬ್ರುವರಿ, ನೀವು ಖಜಾನೆ ಕುರ್ಚಿಯಲ್ಲಿದ್ದೀರಿ. ಲಂಡನ್ನಿನ ಪತ್ರ ಬಂದಿದೆ. ಇಲ್ಲ ಅನ್ನುವ ಹಾಗಿಲ್ಲ. ಏನು ಬರೆಯುತ್ತೀರಿ?

ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಬರುತ್ತವೆ. ಕೆಲವರು ರಾಜೀನಾಮೆ ಅನ್ನುತ್ತಾರೆ. 22 ವರ್ಷದ ವಯಸ್ಸಿಗೆ ಅದು ಚೆನ್ನಾಗಿ ಕಾಣುತ್ತದೆ. ಕೆಲವರು ಆಮದು ಸುಂಕವನ್ನೇ ಕೈಬಿಟ್ಟು ಆದಾಯ ತೆರಿಗೆ ಏರಿಸುತ್ತಾರೆ. ಹೋದ ವರ್ಷ ಒಬ್ಬ ಹುಡುಗ ಬೇರೆ ಬರೆದಿದ್ದ: ಬಟ್ಟೆಯ ಮೇಲೆ ಹಾಕುತ್ತೇನೆ, ಆದರೆ 30 ನಂಬರಿಗಿಂತ ಸಣ್ಣ ನೂಲಿನ ಬಟ್ಟೆಗೆ ಮಾತ್ರ. ಮ್ಯಾಂಚೆಸ್ಟರಿನ ನೇಯ್ಗೆಯ ದೂರಿಗೆ ಉತ್ತರ ಸಿಗುತ್ತದೆ, ರೈತನ ಧೋತರ ಉಳಿಯುತ್ತದೆ. ತಕ್ಕಡಿಯಲ್ಲಿ ಗೆರೆ 50 ಗ್ರೇನಿನಿಂದ 33ಕ್ಕೆ ಬರುತ್ತದೆ, ಅಲ್ಲಿ ಇಲ್ಲಿನ ಸರಕು ತೀರಾ ಕಡಿಮೆ, ಜಗಳವೂ ಕಡಿಮೆ. ನಾನಿದ್ದರೂ ಹೆಚ್ಚುಕಡಿಮೆ ಇದನ್ನೇ ಬರೆಯುತ್ತಿದ್ದೆ. ಲಂಡನ್ ಒಪ್ಪುತ್ತಿತ್ತಾ ಅಂತ ಪಕ್ಕದವಳು ಕೇಳಿದಳು. ಒಪ್ಪುತ್ತಿರಲಿಲ್ಲ ಅಂತಲೇ ನನಗೂ ಅನ್ನಿಸುತ್ತದೆ. ಆದರೆ ಫೈಲಿನಲ್ಲಿ ಆ ಕಾಗದ ಇರುತ್ತಿತ್ತು. 1917ರಲ್ಲಿ ಯಾರಾದರೂ ತೆಗೆದು ನೋಡುತ್ತಿದ್ದರು.

ಆ ಹುಡುಗಿ ಇಳಕಲ್ ಕಡೆಯವಳು. ಮನೆಯಲ್ಲಿ ಈಗಲೂ ಮಗ್ಗ ಇದೆ. ಕೈಮಗ್ಗದ ಭಾಗ ಬಂದಾಗಿನಿಂದ ಅವಳು ಏನೋ ಲೆಕ್ಕ ಹಾಕುತ್ತಿದ್ದಳು.

“ಹಾಗಾದ್ರೆ ಸರ್, ನಮ್ಮ ಮುತ್ತಜ್ಜಂಗೆ ನೂರಕ್ಕೆ ಮೂರೂವರೆ ಲಾಭ ಆಯ್ತು ಅಲ್ವಾ?”

“ಹೌದು, ಎದುರಾಳಿಗೆ ಅಷ್ಟು ಹೊರೆ. ಅಷ್ಟೇ ಲಾಭ.”

“ಆವಾಗ ಉಪ್ಪಿಗೆ ಎಷ್ಟು ಅಂದ್ರಿ?”

“ಸೇರಿಗೆ ಒಂದಾಣೆ.”

ಅವಳು ಪೆನ್ನು ಕೆಳಗಿಟ್ಟು, ಮನೆಯಲ್ಲಿ ಆಗ ಎಷ್ಟು ಜನ ಇದ್ದಿರಬಹುದು ಅಂತ ಬೆರಳು ಮಡಚಿ ಎಣಿಸಲು ಶುರು ಮಾಡಿದಳು.